ಹೋಟೆಲಿನ ಬಾಗಿಲು ಮತ್ತೆ ತೆರೆದಾಗ: ಸಾಂಕ್ರಾಮಿಕ ಕಾಲದಿಂದ ಕಲಿಯಬೇಕಾದ ಪಾಠ

ಈ ಪಾಠವನ್ನು ಗಂಡಹೆಂಡಿರು ಇಬ್ಬರೂ ಜೊತೆಯಾಗಿ ಓದಬೇಕು. ಒಬ್ಬರಿಗೆ ಓದು ಬಾರದಿದ್ದಲ್ಲಿ ಮತ್ತೊಬ್ಬರು ಓದಿ ಹೇಳಬೇಕು. ಕೊನೆಯಲ್ಲಿ ಕೊಟ್ಟಿರುವ ಪ್ರಶ್ನೆಗಳನ್ನು ಕುರಿತು ಮನೆಮಂದಿಯೆಲ್ಲ ಕುಳಿತು ಚರ್ಚಿಸಬೇಕು.

1. ಪೀಠಿಕೆ

ಪಟ್ಟಣದ ಹೋಟೆಲಿಗೂ ಹಳ್ಳಿಯ ಮನೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಬೆಂಗಳೂರಿನ ಹೋಟೆಲುಗಳಲ್ಲಿ ಅಡುಗೆ ಮಾಡುವ, ಎಲೆ ಎತ್ತುವ, ಲೋಟ ತೊಳೆಯುವ, ಸಪ್ಲೈಯರಾಗಿ ದುಡಿಯುವ ಕೈಗಳಲ್ಲಿ ಬಹುಪಾಲು ಹಳ್ಳಿಯ ಕೈಗಳೇ. ಹೋಟೆಲು ಮುಚ್ಚಿದರೆ ಹಳ್ಳಿಯ ಮನೆಗೆ ಬರುವ ಹಣ ನಿಲ್ಲುತ್ತದೆ. ಹೋಟೆಲಿನಲ್ಲಿ ರೋಗ ಹರಡಿದರೆ ಆ ರೋಗವೂ ಬಸ್ಸು ಹತ್ತಿ ಹಳ್ಳಿಗೆ ಬರುತ್ತದೆ.

ಒಂದು ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 2020ರ ಮಾರ್ಚಿಯಲ್ಲಿ ಬೆಂಗಳೂರಿನ ಹೋಟೆಲು ಮುಚ್ಚಿದುದರಿಂದ ಮನೆಯ ಯಜಮಾನ ಊರಿಗೆ ಮರಳಿದ್ದಾನೆ. ಹೆಂಡತಿಗೆ ಏಳು ತಿಂಗಳು. ವಯಸ್ಸಾದ ತಾಯಿಗೆ ಸಕ್ಕರೆ ಕಾಯಿಲೆ. ಜೂನ್ ತಿಂಗಳಲ್ಲಿ ಮಾಲೀಕರಿಂದ ಕರೆ ಬಂದಿತು: “ಹೋಟೆಲು ತೆರೆಯುತ್ತೇವೆ, ಬಾ.”

“ಕರೆ ಬಂತೆಂದು ಹೊರಟೇಬಿಡುವಿರಾ? ಅತ್ತೆಯವರನ್ನು ನೋಡಿ, ನನ್ನನ್ನೂ ನೋಡಿ,” ಎಂದಳು ಹೆಂಡತಿ.

“ಮೂರು ತಿಂಗಳಿಂದ ಸಂಬಳವಿಲ್ಲ. ಅಂಗಡಿಯ ಸಾಲ ಬೆಳೆಯುತ್ತಿದೆ. ಹೆರಿಗೆಗೂ ಹಣ ಬೇಕಲ್ಲ, ನೀನೇ ಹೇಳು,” ಎಂದನು ಗಂಡ.

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಸರಕಾರಗಳ ಮುಂದೆಯೂ ಆಗ ಇದೇ ಪ್ರಶ್ನೆ ಇತ್ತು. ಜೀವವನ್ನೂ ಜೀವನೋಪಾಯವನ್ನೂ ಕಾಯುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

2. ಮುಚ್ಚಿದ್ದು ಮತ್ತು ತೆರೆದದ್ದು

ಕೋವಿಡ್ ರೋಗವನ್ನು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಜಗದ್ವ್ಯಾಪಿ ಪಿಡುಗೆಂದು ಸಾರಿತು. ಮಾರ್ಚ್ 25ರಿಂದ ದೇಶದಾದ್ಯಂತ ದಿಗ್ಬಂಧನ ಜಾರಿಗೆ ಬಂದಿತು. ಹೋಟೆಲುಗಳಲ್ಲಿ ಕುಳಿತು ಉಣ್ಣುವುದು ನಿಂತುಹೋಯಿತು.

ಜೂನ್ 8ರಿಂದ ಹೋಟೆಲುಗಳನ್ನು ತೆರೆಯಲು ಅನುಮತಿ ದೊರೆಯಿತು. ಆದರೆ ಕೇಂದ್ರ ಆರೋಗ್ಯ ಮಂತ್ರಾಲಯವು ನಿಯಮಗಳನ್ನು ವಿಧಿಸಿತ್ತು. ಒಟ್ಟು ಆಸನಗಳಲ್ಲಿ ಶೇಕಡ 50ಕ್ಕಿಂತ ಹೆಚ್ಚು ತುಂಬಬಾರದು. ಹವಾನಿಯಂತ್ರಣವನ್ನು 24ರಿಂದ 30 ಡಿಗ್ರಿಯೊಳಗೆ ಇಟ್ಟು, ಹೊರಗಿನ ಗಾಳಿಯನ್ನು ಸಾಧ್ಯವಾದಷ್ಟು ಒಳಗೆ ಬಿಡಬೇಕು. ಪಾರ್ಸಲ್ ಒಯ್ಯುವುದನ್ನು ಪ್ರೋತ್ಸಾಹಿಸಬೇಕು. 65 ವರ್ಷ ಮೀರಿದವರು, ಬೇರೆ ಕಾಯಿಲೆಯುಳ್ಳವರು, ಗರ್ಭಿಣಿಯರು ಮತ್ತು 10 ವರ್ಷದೊಳಗಿನ ಮಕ್ಕಳು ಮನೆಯಲ್ಲಿಯೇ ಇರುವುದು ಒಳಿತೆಂದೂ ತಿಳಿಸಲಾಗಿತ್ತು.

2021ರಲ್ಲಿ ಎರಡನೆಯ ಅಲೆ ಎದ್ದಿತು. ಏಪ್ರಿಲ್ ಕೊನೆಯಲ್ಲಿ ಕರ್ನಾಟಕದ ಹೋಟೆಲುಗಳು ಪುನಃ ಪಾರ್ಸಲಿಗೆ ಮಾತ್ರ ಸೀಮಿತವಾದವು. ರೋಗ ಇಳಿಮುಖವಾದ ಮೇಲೆ, ಜೂನ್ 21ರಿಂದ, ಬೆಂಗಳೂರು ನಗರವೂ ಸೇರಿ 16 ಜಿಲ್ಲೆಗಳಲ್ಲಿ ಅರ್ಧದಷ್ಟು ಆಸನಗಳೊಡನೆ, ಸಂಜೆ 5 ಗಂಟೆಯವರೆಗೆ, ಹವಾನಿಯಂತ್ರಣವಿಲ್ಲದೆ ಒಳಗೆ ಕುಳಿತು ಉಣ್ಣಲು ಅವಕಾಶವಾಯಿತು. ಹವಾನಿಯಂತ್ರಣ ಏಕೆ ಬೇಡ? ಇದರ ಉತ್ತರ ಮುಂದಿನ ಭಾಗದಲ್ಲಿದೆ.

3. ರೋಗ ಹರಡುವ ಬಗೆ

ಕೋವಿಡ್ ವೈರಾಣು ರೋಗಿಯ ಉಸಿರಿನೊಡನೆ ಹೊರಬರುತ್ತದೆ. ಕೆಮ್ಮಿದಾಗ ಮಾತ್ರವಲ್ಲ, ಮಾತನಾಡುವಾಗ, ನಗುವಾಗ, ಗಟ್ಟಿಯಾಗಿ ಕೂಗುವಾಗಲೂ ಬರುತ್ತದೆ. ದೊಡ್ಡ ಹನಿಗಳು ಹತ್ತಿರದಲ್ಲಿಯೇ ನೆಲಕ್ಕೆ ಬೀಳುತ್ತವೆ. ಅತಿ ಸಣ್ಣ ಕಣಗಳು ಗಾಳಿಯಲ್ಲಿ ತೇಲುತ್ತವೆ.

ಒಲೆಯ ಹೊಗೆಯನ್ನು ನೆನೆಯಿರಿ. ಅಂಗಳದಲ್ಲಿ ಒಲೆ ಹೊತ್ತಿಸಿದರೆ ಹೊಗೆ ಚದುರಿಹೋಗುತ್ತದೆ. ಬೆಳಕಿಂಡಿಯಿಲ್ಲದ ಅಡುಗೆಮನೆಯಲ್ಲಿ ಹೊತ್ತಿಸಿದರೆ ಮೂಲೆಮೂಲೆಯನ್ನೂ ತುಂಬುತ್ತದೆ. ಒಲೆಯಿಂದ ದೂರ ಕುಳಿತವರ ಕಣ್ಣೂ ಉರಿಯುತ್ತದೆ. ರೋಗಿಯ ಉಸಿರೂ ಹಾಗೆಯೇ. ಆದರೆ ಹೊಗೆ ಕಣ್ಣಿಗೆ ಕಾಣುತ್ತದೆ, ಉಸಿರು ಕಾಣುವುದಿಲ್ಲ.

ಹೋಟೆಲಿನಲ್ಲಿ ಇನ್ನೊಂದು ತೊಡಕಿದೆ. ಬಸ್ಸಿನಲ್ಲಾಗಲಿ ಅಂಗಡಿಯಲ್ಲಾಗಲಿ ಮುಖಗವಸು ಹಾಕಿಕೊಂಡೇ ಇರಬಹುದು. ಉಣ್ಣುವಾಗ ಅದನ್ನು ತೆಗೆಯಲೇಬೇಕು. ಆಗ ಉಳಿಯುವ ರಕ್ಷಣೆಗಳು ಮೂರು: ಹೊಸ ಗಾಳಿ, ಕಡಿಮೆ ಜನ, ಕಡಿಮೆ ಹೊತ್ತು. ಇವುಗಳ ಜೊತೆಗೆ ಮುಂದೆ ಲಸಿಕೆಯೂ ಸೇರಿತು.

4. ಮೂರು ಮೇಜುಗಳ ವೃತ್ತಾಂತ

ಇದು ಊಹೆಯ ಮಾತಲ್ಲ. ಚೀನಾದ ಗ್ವಾಂಗ್‌ಝೌ ನಗರದಲ್ಲಿ 2020ರ ಜನವರಿ 24ರಂದು ಒಂದು ಹೋಟೆಲಿನ ಕಿಟಕಿಗಳಿಲ್ಲದ ಮಹಡಿಯಲ್ಲಿ 83 ಜನ ಮಧ್ಯಾಹ್ನದ ಊಟ ಮಾಡಿದರು. ಅವರಲ್ಲಿ ಒಬ್ಬರು ಹಿಂದಿನ ದಿನ ವುಹಾನ್ ನಗರದಿಂದ ಬಂದಿದ್ದರು. ಊಟದ ದಿನವೇ ಅವರಿಗೆ ಜ್ವರ, ಕೆಮ್ಮು ಆರಂಭವಾಯಿತು. ಅವರ ಮೇಜಿನ ಎರಡು ಪಕ್ಕಗಳಲ್ಲಿ ಬೇರೆ ಎರಡು ಕುಟುಂಬಗಳಿದ್ದವು. ಮೇಜುಗಳ ನಡುವೆ ಸುಮಾರು ಒಂದು ಮೀಟರು ಅಂತರವಿತ್ತು. ಒಂದು ಕುಟುಂಬ 53 ನಿಮಿಷ, ಇನ್ನೊಂದು 73 ನಿಮಿಷ ಅವರ ನೆರೆಯಲ್ಲಿ ಕುಳಿತಿತ್ತು. ಫೆಬ್ರವರಿ 5ರ ಹೊತ್ತಿಗೆ ಈ ಮೂರು ಕುಟುಂಬಗಳಲ್ಲಿ ಒಟ್ಟು 10 ಜನ ರೋಗಿಗಳಾದರು. ಉಳಿದ 73 ಗಿರಾಕಿಗಳಿಗಾಗಲಿ ಅಲ್ಲಿದ್ದ 8 ಕೆಲಸಗಾರರಿಗಾಗಲಿ ರೋಗ ತಗುಲಲಿಲ್ಲ.

ಈ ಮೂರು ಮೇಜುಗಳಿಗೇ ಏಕೆ? ಹವಾನಿಯಂತ್ರಣ ಯಂತ್ರವೊಂದು ಈ ಮೇಜುಗಳ ಮೇಲೆ ಬೀಸಿದ ಗಾಳಿ ಗೋಡೆಗೆ ತಾಗಿ ಹಿಂದಿರುಗಿ, ಅಲ್ಲಿಯೇ ಸುತ್ತುತ್ತಿತ್ತು. ಹೊರಗಿನ ಗಾಳಿ ಬಹಳ ಕಡಿಮೆ. ತಜ್ಞರು ಅನಂತರ ಅಳೆದಾಗ ಒಬ್ಬೊಬ್ಬರಿಗೆ ಸೆಕೆಂಡಿಗೆ ಸುಮಾರು 1 ಲೀಟರು ಹೊಸ ಗಾಳಿ ಮಾತ್ರ ದೊರೆಯುತ್ತಿದ್ದುದು ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಇಂತಹ ಸ್ಥಳಗಳಿಗೆ ಸೂಚಿಸಿದ ಪ್ರಮಾಣ 10 ಲೀಟರು.

ದಕ್ಷಿಣ ಕೊರಿಯದ ಜೊಂಜು ನಗರದಲ್ಲಿ 2020ರ ಜೂನಿನಲ್ಲಿ ರೋಗಿಯಿಂದ 6.5 ಮೀಟರು ದೂರದಲ್ಲಿ, ಕೇವಲ 5 ನಿಮಿಷ ಜೊತೆಗಿದ್ದವರೊಬ್ಬರಿಗೆ ಸೋಂಕು ತಗುಲಿತು. ಅಲ್ಲಿಯೂ ಯಂತ್ರದ ಗಾಳಿ ರೋಗಿಯ ಕಡೆಯಿಂದ ಅವರತ್ತ ಬೀಸುತ್ತಿತ್ತು.

ಇದರಿಂದ ತಿಳಿಯುವುದೇನು? ಅಂತರ ಒಳ್ಳೆಯದು, ಆದರೆ ಮುಚ್ಚಿದ ಕೋಣೆಯಲ್ಲಿ ಅಂತರವೊಂದೇ ಸಾಲದು. ತಂಪಾದ ಗಾಳಿಯೆಲ್ಲ ಹೊಸ ಗಾಳಿಯಲ್ಲ. ಹವಾನಿಯಂತ್ರಣ ಯಂತ್ರಗಳಲ್ಲಿ ಅನೇಕವು ಒಳಗಿನ ಗಾಳಿಯನ್ನೇ ತಂಪುಮಾಡಿ ತಿರುಗಿಸುತ್ತವೆ. ಮುಂಭಾಗವೆಲ್ಲ ತೆರೆದಿರುವ, ನಿಂತು ತಿಂದು ಹತ್ತು ನಿಮಿಷದಲ್ಲಿ ಹೊರಡುವ ನಮ್ಮ ದರ್ಶಿನಿಗಳು ಗಾಳಿ ಮತ್ತು ಹೊತ್ತಿನ ದೃಷ್ಟಿಯಿಂದ ಮೇಲು. ಆದರೆ ಅಲ್ಲಿಯೂ ಹೆಗಲಿಗೆ ಹೆಗಲು ತಾಗಿ ನಿಂತರೆ ಆ ಅನುಕೂಲ ಕೆಡುತ್ತದೆ.

5. ಹಂತಹಂತವಾಗಿ ತೆರೆಯುವುದು

ಹಾಗಾದರೆ ರೋಗ ಪೂರ್ತಿ ಹೋಗುವವರೆಗೆ ಮುಚ್ಚಿಯೇ ಇರಬೇಕಿತ್ತೇ? ಹೋಟೆಲಿನೊಡನೆ ಹಾಲು ಹಾಕುವವರು, ತರಕಾರಿ ಬೆಳೆಯುವವರು, ಬಾಳೆಯೆಲೆ ಮಾರುವವರು ಎಲ್ಲರ ಬದುಕೂ ಹೆಣೆದುಕೊಂಡಿದೆ. ಹಸಿವೂ ಜೀವವನ್ನು ಹಿಂಡುತ್ತದೆ. ಆದುದರಿಂದ ಅನೇಕ ನಗರಗಳು ಮೆಟ್ಟಿಲುಮೆಟ್ಟಿಲಾಗಿ ತೆರೆಯುವ ದಾರಿ ಹಿಡಿದವು.

ಅಮೆರಿಕದ ನ್ಯೂಯಾರ್ಕ್ ನಗರವು 2020ರ ಜೂನ್ 22ರಿಂದ ಮೊದಲು ಬಯಲಿನಲ್ಲಿ ಮೇಜು ಹಾಕಲು ಬಿಟ್ಟಿತು. ಸೆಪ್ಟೆಂಬರ್ 30ರಿಂದ ಒಳಗೆ ಶೇಕಡ 25ರಷ್ಟು ಜನರಿಗೆ ಅವಕಾಶ ಕೊಟ್ಟಿತು. ರೋಗ ಏರಿದಾಗ ಡಿಸೆಂಬರ್ 14ರಂದು ಮತ್ತೆ ಮುಚ್ಚಿ, 2021ರ ಫೆಬ್ರವರಿ 12ರಂದು ಪುನಃ ಶೇಕಡ 25ರಿಂದಲೇ ಆರಂಭಿಸಿತು. ಒಮ್ಮೆ ತೆರೆದದ್ದನ್ನು ಮತ್ತೆ ಮುಚ್ಚಬೇಕಾಗಿ ಬಂದುದು ಸೋಲಲ್ಲ. ಮಳೆ ನೋಡಿ ಬಿತ್ತುವ ರೈತನಂತೆ ರೋಗದ ಏರಿಳಿತ ನೋಡಿ ನಡೆದ ಕ್ರಮ ಅದು.

6. ದುಡಿಯುವವನ ಕಷ್ಟ

ಗಿರಾಕಿ ಅರ್ಧ ಗಂಟೆ ಕುಳಿತು ಎದ್ದುಹೋಗುತ್ತಾನೆ. ಸಪ್ಲೈಯರು ದಿನವಿಡೀ ಅದೇ ಗಾಳಿಯಲ್ಲಿ, ಮುಖಗವಸು ತೆಗೆದ ಜನರ ನಡುವೆ ಓಡಾಡುತ್ತಾನೆ. ರಾತ್ರಿ ಅನೇಕ ಕಡೆ ಕೆಲಸಗಾರರು ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುತ್ತಾರೆ. ಒಬ್ಬನಿಗೆ ರೋಗ ಬಂದರೆ ಉಳಿದವರಿಗೂ ಬರಲು ಒಂದು ರಾತ್ರಿ ಸಾಕು. ಆದುದರಿಂದ ಅವನ ರಕ್ಷಣೆ ಎಂದರೆ ಅವನ ಮನೆಯ ರಕ್ಷಣೆಯೇ.

ಅವನು ಪಾಲಿಸಬೇಕಾದುದು: ಕೆಲಸದ ಹೊತ್ತಿನಲ್ಲಿ ಮೂಗುಬಾಯಿ ಎರಡನ್ನೂ ಮುಚ್ಚುವ ಮುಖಗವಸು, ತಾನು ಉಣ್ಣುವಾಗ ಇತರರಿಂದ ಬೇರೆಯಾಗಿ, ಗಾಳಿ ಆಡುವೆಡೆಯಲ್ಲಿ ಊಟ, ಮಲಗುವ ಕೋಣೆಯ ಕಿಟಕಿ ತೆರೆದಿಡುವುದು, ಜ್ವರ, ಕೆಮ್ಮು, ಗಂಟಲುನೋವು ಕಂಡರೆ ಸಂಬಳ ಹೋದೀತೆಂದು ಮುಚ್ಚಿಡದೆ ತಿಳಿಸಿ ಪರೀಕ್ಷೆ ಮಾಡಿಸಿಕೊಳ್ಳುವುದು. ಕಾಯಿಲೆಯಾದವನ ದಿನಗೂಲಿಯನ್ನು ಹಿಡಿಯದ ಮಾಲೀಕನು ತನ್ನ ಹೋಟೆಲನ್ನೇ ಕಾಪಾಡಿಕೊಳ್ಳುತ್ತಾನೆ.

7. ಮನೆಗೆ ಬಂದಾಗ

ಮೇಲಿನ ದಂಪತಿಗಳು ಆಶಾ ಕಾರ್ಯಕರ್ತೆಯೊಡನೆ ಮಾತನಾಡಿ ಒಂದು ತೀರ್ಮಾನಕ್ಕೆ ಬಂದರು. ಗಂಡ ಕೆಲಸಕ್ಕೆ ಹೋಗುವುದು. ವಾರವಾರ ಊರಿಗೆ ಬರದೆ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸುವುದು. ಹೆರಿಗೆಯ ದಿನ ಹತ್ತಿರ ಬಂದಾಗ ಎರಡು ವಾರ ಮೊದಲೇ ರಜೆ ಪಡೆದು ಬಂದು, ಹೊರಜಗಲಿಯ ಕೋಣೆಯಲ್ಲಿ ಪ್ರತ್ಯೇಕವಾಗಿರುವುದು.

“ಜಗಲಿಯಲ್ಲಿ ಉಂಡರೂ ಚಿಂತೆಯಿಲ್ಲ. ಮಗು ಬಂದಾಗ ನೀವು ಊರಿನಲ್ಲಿದ್ದರೆ ಸಾಕು,” ಎಂದಳು ಹೆಂಡತಿ.

ಗರ್ಭಿಣಿಗೆ ಕೋವಿಡ್ ತಗುಲಿದರೆ ರೋಗ ಉಲ್ಬಣಿಸುವ ಮತ್ತು ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಹೆಚ್ಚು. ಸಕ್ಕರೆ ಕಾಯಿಲೆಯ ವೃದ್ಧರಿಗೂ ಅಪಾಯ ಹೆಚ್ಚು. ಭಾರತದಲ್ಲಿ 2021ರ ಜನವರಿ 16ರಂದು ಲಸಿಕೆ ಹಾಕುವ ಕಾರ್ಯ ಆರಂಭವಾಯಿತು; ಮಾರ್ಚ್ 1ರಿಂದ 60 ವರ್ಷ ಮೀರಿದವರಿಗೂ, ಜುಲೈ ತಿಂಗಳಿಂದ ಗರ್ಭಿಣಿಯರಿಗೂ ಲಸಿಕೆ ದೊರೆಯಿತು. ಬಾಣಂತಿಗೆ ರೋಗ ಬಂದರೂ ಮಗುವಿಗೆ ಎದೆಹಾಲು ನಿಲ್ಲಿಸಬೇಕಾಗಿಲ್ಲ. ಕೈ ತೊಳೆದು, ಮುಖಗವಸು ಧರಿಸಿ ಹಾಲೂಡಿಸಬಹುದು.

ಮನೆಯಲ್ಲಿ ಯಾರಿಗಾದರೂ ಉಸಿರಾಟದ ತೊಂದರೆ, ಎದೆನೋವು, ಮಂಕು ಕಂಡರೆ ಅಥವಾ ಬೆರಳಿಗೆ ಹಾಕುವ ಉಪಕರಣದಲ್ಲಿ ಆಮ್ಲಜನಕದ ಪ್ರಮಾಣ 94ಕ್ಕಿಂತ ಕೆಳಗಿಳಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

8. ನಮ್ಮ ಊರಿಗೂ ಇದೇ ಪಾಠ

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಆದರೆ ರೋಗ ಇಲ್ಲವಾಗಿಲ್ಲ. ಗಾಳಿಯಿಂದ ಹರಡುವ ಬೇರೆ ರೋಗಗಳೂ ಇವೆ, ಕ್ಷಯರೋಗವೇ ಒಂದು. ಆದುದರಿಂದ ಮದುವೆಯ ಊಟವನ್ನು ಇಕ್ಕಟ್ಟಾದ ಕೋಣೆಯಲ್ಲಿ ಬಡಿಸುವುದಕ್ಕಿಂತ ಚಪ್ಪರದ ಕೆಳಗೆ ಬಡಿಸುವುದು ಮೇಲು. ಪಂಕ್ತಿಗಳನ್ನು ಬಿಡಿಬಿಡಿಯಾಗಿ ಹಾಕುವುದು ಮೇಲು. ಪಟ್ಟಣದ ಆಸ್ಪತ್ರೆಗೆ ಹೋದಾಗ ಬುತ್ತಿ ಕಟ್ಟಿಕೊಂಡು ಹೋಗಿ ಮರದ ನೆರಳಿನಲ್ಲಿ ಉಣ್ಣುವ ಹಿರಿಯರ ರೂಢಿಯನ್ನು ಹಳೆಯದೆಂದು ನಗಬೇಕಾಗಿಲ್ಲ.

ನೆನಪಿಡಬೇಕಾದ ಅಂಶಗಳು

(ಅ) ಉಣ್ಣುವಾಗ ಮುಖಗವಸು ಇರುವುದಿಲ್ಲ. ಆದುದರಿಂದ ಗಾಳಿಯೇ ಕಾವಲು.
(ಆ) ಕಿಟಕಿ ತೆರೆದ ಸ್ಥಳವನ್ನು ಆರಿಸಿ, ಬೇಗ ಉಂಡು ಹೊರಡಿ.
(ಇ) ಜ್ವರ, ಕೆಮ್ಮು ಇದ್ದಾಗ ಪಂಕ್ತಿಯಲ್ಲಿ ಕೂರಬೇಡಿ, ಅಡುಗೆಗೂ ನಿಲ್ಲಬೇಡಿ.
(ಈ) ಗರ್ಭಿಣಿ, ವೃದ್ಧರು, ಹಳೆಯ ಕಾಯಿಲೆಯುಳ್ಳವರನ್ನು ಮೊದಲು ಕಾಯಿರಿ.
(ಉ) ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಇದು ವಾಂತಿಭೇದಿಯನ್ನೂ ತಡೆಯುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ಗ್ವಾಂಗ್‌ಝೌ ಹೋಟೆಲಿನಲ್ಲಿ ಮೂರು ಮೇಜಿನವರಿಗೆ ಮಾತ್ರ ರೋಗ ತಗುಲಿದ್ದೇಕೆ?
2. ನಿಮ್ಮ ಮನೆಯಲ್ಲಿ ಗಾಳಿ ಆಡದ ಕೋಣೆ ಯಾವುದು? ಅಲ್ಲಿ ಮಲಗುವವರು ಯಾರು?
3. ದುಡಿಯಲು ಹೋದವರು ಕಾಯಿಲೆಯಿಂದ ಮನೆಗೆ ಮರಳಿದರೆ, ಅವರ ಮನಸ್ಸು ನೋಯದಂತೆ, ಇತರರಿಗೂ ರೋಗ ಹರಡದಂತೆ ನೀವಿಬ್ಬರೂ ಏನು ಏರ್ಪಾಡು ಮಾಡುವಿರಿ?