ಮಗುವಿನ ಬುದ್ಧಿ ಬೆಳೆಯುವುದು ಜೊತೆಯಲ್ಲಿ



ಬಾರ್ಕೂರಿನ ಸುತ್ತಮುತ್ತ ತಂದೆ ಕೊಲ್ಲಿ ನಾಡಿನಲ್ಲಿ, ತಾಯಿ ಕೆಲಸದಲ್ಲಿ, ಮಗು ಅಜ್ಜಿಯ ಆರೈಕೆಯಲ್ಲಿ ಇರುವ ಮನೆಗಳಿಗೆ ಕೊರತೆಯಿಲ್ಲ. "ನಾನು ಶಾಲೆ ಕಲಿತವಳಲ್ಲ, ಮಗುವಿಗೆ ನಾನೇನು ಹೇಳಿಕೊಡಲಿ?" ಎಂದು ಆ ಅಜ್ಜಿ ಹಿಂಜರಿಯುತ್ತಾರೆ. ಮಗುವನ್ನು ಟ್ಯೂಷನ್‌ಗೆ ಕಳುಹಿಸಿ, ಉಳಿದ ಹೊತ್ತು ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗುತ್ತಾರೆ. ಈ ಹಿಂಜರಿಕೆಗೆ ಆಧಾರವಿದೆಯೇ? ಇಂದಿನ ಪಾಠದಲ್ಲಿ ಇದನ್ನು ವಿಚಾರ ಮಾಡೋಣ.

ಮೊದಲು ಇಬ್ಬರ ನಡುವೆ, ಅನಂತರ ಒಬ್ಬನೊಳಗೆ

ಬುದ್ಧಿ ಹುಟ್ಟಿನಿಂದ ಬರುತ್ತದೆಂದು ಕೆಲವರು ಹೇಳುತ್ತಾರೆ. ಶಾಲೆ ಅದನ್ನು ತುಂಬಿ ಕೊಡುತ್ತದೆಂದು ಇನ್ನು ಕೆಲವರು ನಂಬುತ್ತಾರೆ. ರಷ್ಯದ ಮನಃಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ ಬೇರೊಂದು ಉತ್ತರ ಕೊಟ್ಟರು. 1896ರಲ್ಲಿ ಹುಟ್ಟಿದ ಇವರು 1934ರಲ್ಲಿ, ಕೇವಲ 37ನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡರು. ಯೋಚನೆ ಮತ್ತು ಮಾತಿನ ಸಂಬಂಧವನ್ನು ಕುರಿತ ಅವರ ಪ್ರಸಿದ್ಧ ಗ್ರಂಥ ಅದೇ ವರ್ಷ ಪ್ರಕಟವಾಯಿತು.

ಅವರ ಮುಖ್ಯ ವಿಚಾರ ಇದು: ನೆನಪಿಡುವುದು, ಲೆಕ್ಕ ಹಾಕುವುದು, ಕಾರಣ ಹುಡುಕುವುದು, ಇವೆಲ್ಲವೂ ಮೊದಲು ಮಗು ಮತ್ತು ಹಿರಿಯರ ನಡುವೆ ನಡೆಯುತ್ತವೆ, ಆಮೇಲೆ ಮಗುವಿನ ಮನಸ್ಸಿನೊಳಗೆ ನೆಲೆಸುತ್ತವೆ. ಆಡುತ್ತಿರುವ ಪುಟ್ಟ ಮಗು "ಇದು ಇಲ್ಲಿ, ಅದು ಅಲ್ಲಿ" ಎಂದು ತನಗೆ ತಾನೇ ಮಾತಾಡಿಕೊಳ್ಳುವುದನ್ನು ನೀವು ಕಂಡಿರಬಹುದು. ನಿನ್ನೆ ತಾಯಿ ಹೇಳಿದ ಮಾತನ್ನು ಅದು ಇಂದು ತನಗೆ ತಾನೇ ಹೇಳಿಕೊಳ್ಳುತ್ತಿದೆ. ನಾಳೆ ಆ ಮಾತು ತುಟಿಯಿಂದ ಒಳಗೆ ಸರಿದು ಯೋಚನೆಯಾಗುತ್ತದೆ. ಆದ್ದರಿಂದ ಗದರಿಸಿ ಬಾಯಿ ಮುಚ್ಚಿಸಬೇಡಿ.

ಅವರ ಇನ್ನೊಂದು ಮಾತೂ ನಮಗೆ ಮುಖ್ಯ. ಮಗು ಒಂಟಿಯಾಗಿ ಮಾಡಬಲ್ಲದ್ದು ಒಂದಿಷ್ಟು. ಬಲ್ಲವರ ಆಸರೆಯಿಂದ ಮಾಡಬಲ್ಲದ್ದು ಅದಕ್ಕಿಂತ ಹೆಚ್ಚು. ಈ ಎರಡರ ನಡುವಣ ಜಾಗವೇ ಕಲಿಕೆಯ ಹೊಲ. ಇಂದು ಕೈಹಿಡಿದು ಮಾಡಿಸಿದ್ದನ್ನು ನಾಳೆ ಅದು ತಾನಾಗಿಯೇ ಮಾಡುತ್ತದೆ.

ಮಲ್ಲಿಗೆ ಕಟ್ಟುವ ಜಗಲಿಯಲ್ಲಿ

ಉಡುಪಿ ಮಲ್ಲಿಗೆ ಬೆಳೆಯುವ ಮನೆಗಳನ್ನು ನೋಡಿ. ಅಜ್ಜಿ ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಿದ್ದರೆ ಪುಟ್ಟ ಮಗು ಮೊದಲು ನಾರು ಎತ್ತಿಕೊಡುತ್ತದೆ. ಆಮೇಲೆ ಮೊಗ್ಗುಗಳನ್ನು ಜೋಡಿಸಿ ಕೊಡುತ್ತದೆ. ಕೆಲವು ವರ್ಷಗಳಲ್ಲಿ ತಾನೇ ಕಟ್ಟಲು ಕೂರುತ್ತದೆ. ಇದನ್ನು ಕಲಿಸಲು ಪಾಠಪುಸ್ತಕ ಬೇಕಾಗಲಿಲ್ಲ.

ಆ ಕೆಲಸದೊಳಗೆ ಗಣಿತವೂ ಇದೆ. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. "ಒಂದು ಅಟ್ಟೆ ಒಂದು ಚೆಂಡು ಆಯಿತು. ಎರಡು ಅಟ್ಟೆಗೆ ಇನ್ನೆಷ್ಟು ಬೇಕು?" ಎಂದು ಅಜ್ಜಿ ಕೇಳಿದರೆ ಮಗು ಬೆರಳು ಮಡಚಿ "ಮೂರು ಚೆಂಡು" ಎನ್ನುತ್ತದೆ. ಚೆನ್ನೆಮಣೆಯೂ ಹೀಗೆಯೇ. 14 ಗುಳಿಗಳಲ್ಲಿ ನಾಲ್ಕು ನಾಲ್ಕರಂತೆ 56 ಕಾಯಿ. ಯಾವ ಗುಳಿಯಿಂದ ಎತ್ತಿದರೆ ಎಲ್ಲಿಗೆ ಮುಗಿಯುತ್ತದೆಂದು ಮುಂದಾಲೋಚಿಸುವುದೇ ಆಟದ ಜೀವಾಳ. ಚೆಂಡು, ಅಟ್ಟೆ, ಚೆನ್ನೆಮಣೆ, ಇವೆಲ್ಲ ನಮ್ಮ ಸಂಸ್ಕೃತಿ ಮಗುವಿನ ಕೈಗೆ ಕೊಟ್ಟ ಯೋಚನೆಯ ಉಪಕರಣಗಳು.

ಸೇತುವೆ ಕಟ್ಟುವವರು ಯಾರು?

ಹಾಗಾದರೆ ಮನೆಯ ಲೆಕ್ಕ ಬಲ್ಲ ಮಗುವಿಗೆ ಶಾಲೆಯ ಲೆಕ್ಕ ತಾನಾಗಿ ಬರುತ್ತದೆಯೇ? ಬರುವುದಿಲ್ಲ. ಇಲ್ಲಿ ನಾವು ಎಚ್ಚರ ವಹಿಸಬೇಕು.

ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿಯಲ್ಲಿ ತೆಂಗಿನಕಾಯಿ ಮೊದಲಾದವನ್ನು ಮಾರುವ ಐವರು ಮಕ್ಕಳನ್ನು ಪರೀಕ್ಷಿಸಿದ ಸಂಶೋಧಕರು 1985ರಲ್ಲಿ ವರದಿ ಪ್ರಕಟಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇಕಡಾ 98 ಸರಿ. ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ಶೇಕಡಾ 37 ಮಾತ್ರ ಸರಿ.

ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಅಧ್ಯಯನ ಮಾಡಿ 2025ರಲ್ಲಿ ಇದೇ ಬಗೆಯ ಫಲಿತಾಂಶ ಪ್ರಕಟಿಸಿದರು. ಅದಕ್ಕೆ ಇನ್ನೊಂದು ಮುಖವೂ ಇತ್ತು. ಮಾರಾಟದ ಅನುಭವವಿಲ್ಲದ ಶಾಲಾ ಮಕ್ಕಳು ಪುಸ್ತಕದ ಸರಳ ಲೆಕ್ಕಗಳಲ್ಲಿ ಮುಂದಿದ್ದರು. ಆದರೆ ಮಾರುಕಟ್ಟೆಯ ಮಕ್ಕಳಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬಿಡಿಸಿದ ಒಂದು ವ್ಯಾಪಾರದ ಲೆಕ್ಕ ಅವರಲ್ಲಿ ಶೇಕಡಾ ಒಬ್ಬರಿಗೆ ಮಾತ್ರ ಬಂತು.

ಮಕ್ಕಳನ್ನು ದುಡಿಮೆಗೆ ಹಚ್ಚಬೇಕೆಂದು ಇದರ ಅರ್ಥವಲ್ಲ. ಮಗುವಿನ ಸ್ಥಾನ ಶಾಲೆಯಲ್ಲೇ. ಜಗಲಿಯ ಜ್ಞಾನ ಮತ್ತು ಪುಸ್ತಕದ ಜ್ಞಾನ ತಾವಾಗಿಯೇ ಕೂಡುವುದಿಲ್ಲ, ಯಾರಾದರೂ ಜೊತೆಗೆ ಕುಳಿತು ಸೇತುವೆ ಕಟ್ಟಬೇಕೆಂಬುದೇ ಇದರ ಪಾಠ. ಅಜ್ಜಿ ಕೇಳಿದ ಲೆಕ್ಕವನ್ನು ಅಣ್ಣನೋ ಅಕ್ಕನೋ ಪುಸ್ತಕದಲ್ಲಿ 800 × 4 = 3,200 ಎಂದು ಬರೆದು ತೋರಿಸಿದರೆ ಸಾಕು, ಕೆಲಸ ಶುರುವಾಯಿತು. ನಮ್ಮ ರಾಜ್ಯದಲ್ಲಿ 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಗುಂಪಾಗಿ ಕುಳಿತು ಕಲಿಯುತ್ತಾರೆ. ಮಕ್ಕಳೂ ಮಕ್ಕಳಿಗೆ ಗುರುಗಳಾಗಬಲ್ಲರು.

ಮನೆಮಾತು ಹೊರೆಯಲ್ಲ

ನಮ್ಮ ಮಗು ಮನೆಯಲ್ಲಿ ಕೊಂಕಣಿ, ಗದ್ದೆಯಾಚೆ ಕುಂದಾಪ್ರ ಕನ್ನಡ, ಪೇಟೆಯಲ್ಲಿ ತುಳು ಕೇಳುತ್ತದೆ. ಶಾಲೆಗೆ ಹೋದರೆ ಪುಸ್ತಕದ ಕನ್ನಡ, ಇಂಗ್ಲಿಷ್. ಇಷ್ಟೊಂದು ಭಾಷೆಗಳಿಂದ ಮಗುವಿಗೆ ಗೊಂದಲವಾದೀತೆಂದು ಹೆದರಿ ಮನೆಮಾತನ್ನೇ ಬಿಡುವವರಿದ್ದಾರೆ. ಆದರೆ ಬಟ್ಟಲಲ್ಲಿರುವುದು ಒಂದೇ, ಅದನ್ನು ಶಿತ್, ನುಪ್ಪು, ಅನ್ನ ಎಂದು ಕರೆಯಬಹುದೆಂದು ತಿಳಿದ ಮಗು ಹೆಸರು ಬೇರೆ, ವಸ್ತು ಬೇರೆ ಎಂಬ ದೊಡ್ಡ ತತ್ತ್ವವನ್ನು ಅರಿತಿದೆ. ಒಡಿಶಾದ ಕೊಂಧ ಸಮುದಾಯದ ಮಕ್ಕಳಲ್ಲಿ ಅಧ್ಯಯನ ನಡೆಸಿದ ಅಜಿತ್ ಮೊಹಾಂತಿಯವರೂ ಎರಡು ಭಾಷೆ ಬಲ್ಲ ಮಕ್ಕಳಿಗೆ ಭಾಷೆಯ ಬಗೆಗಿನ ಅರಿವು ಹೆಚ್ಚೆಂದು ಕಂಡರು.

ತನಗೇ ಸರಿಯಾಗಿ ಬಾರದ ಭಾಷೆಯಲ್ಲಿ ತಾಯಿ "ಬಾ, ಕೂತ್ಕೋ, ತಿನ್ನು" ಎಂಬಷ್ಟನ್ನೇ ಹೇಳಬಲ್ಲಳು. ಕತೆ, ಗಾದೆ, ತಮಾಷೆ, ಏಕೆ-ಹೇಗೆ ಎಂಬ ಚರ್ಚೆ, ಇವೆಲ್ಲ ಹೃದಯದ ಭಾಷೆಯಲ್ಲೇ ಬರಬೇಕು. ಮಾತು ಬಡವಾದ ಮನೆಯಲ್ಲಿ ಯೋಚನೆಯೂ ಬಡವಾಗುತ್ತದೆ.

ಈ ವಾರ ಮನೆಯಲ್ಲಿ

1. ದಿನಕ್ಕೊಂದು ಮನೆಗೆಲಸವನ್ನು ಮಗುವಿನ ಜೊತೆಗೂಡಿ ಮಾಡಿ. ಮಾಡುತ್ತಾ ಮಾತಾಡಿ.

2. ಮಗು ತಡವರಿಸಿದರೆ ಉತ್ತರ ಹೇಳಿಬಿಡಬೇಡಿ. ಒಂದು ಸುಳಿವು ಕೊಟ್ಟು ಕಾಯಿರಿ.

3. ಸಂಜೆಯ ಜಪಸರದಲ್ಲಿ ಒಂದು ದಶಕವನ್ನು ಚಿಕ್ಕವರು ನಡೆಸಲಿ. ತಪ್ಪಿದಲ್ಲಿ ಹಿರಿಯರು ಮೆಲ್ಲಗೆ ಜೊತೆಗೂಡಲಿ.

4. ಕೊಲ್ಲಿಯಲ್ಲಿರುವ ತಂದೆ ಫೋನಿನಲ್ಲಿ "ಎಷ್ಟು ಮಾರ್ಕ್ಸ್?" ಎಂದಷ್ಟೇ ಕೇಳದೆ, "ಇಂದು ನೀನು ಏನು ಪ್ರಶ್ನೆ ಕೇಳಿದೆ?" ಎಂದೂ ಕೇಳಲಿ.

ಹನ್ನೆರಡು ವರ್ಷದ ಬಾಲಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಆಲಿಸುತ್ತಲೂ ಪ್ರಶ್ನಿಸುತ್ತಲೂ ಇದ್ದುದನ್ನು ಸಂತ ಲೂಕನು ಬರೆದಿದ್ದಾನೆ. ನಮ್ಮ ಮಕ್ಕಳಿಗೂ ಹಾಗೆ ನಡುವೆ ಕೂರಲು ಜಾಗ ಬೇಕು. ಅಜ್ಜಿಯರೇ, ನಿಮ್ಮ ಪಕ್ಕದಲ್ಲಿ ಆ ಜಾಗವಿದೆ. ನೀವು ಶಾಲೆ ಕಲಿಯದಿರಬಹುದು. ಆದರೆ ಮಗುವಿನ ಮೊದಲ ತರಗತಿ ನಡೆಯುವುದು ನಿಮ್ಮ ಜಗಲಿಯಲ್ಲೇ.