ಡಿಸ್ಚಾರ್ಜ್ ಆದ ಮೇಲಿನ ಖರ್ಚು

ಕಾಲಿನ ಆಪರೇಷನ್ನಿಗೆ ಎಷ್ಟು ಖರ್ಚಾಯಿತು ಎಂದು ಎಲ್ಲರೂ ಕೇಳುತ್ತಾರೆ. ಆಮೇಲೆ ಮನೆಯಲ್ಲಿ ಎಷ್ಟಾಯಿತು ಎಂದು ಕೇಳುವವರು ಕಡಿಮೆ. ಮೊದಲಿನದಕ್ಕೆ ವಿಮೆ ಇರುತ್ತದೆ, ಬಿಲ್ಲು ಇರುತ್ತದೆ, ಒಂದು ದಿನ ಅದು ಮುಗಿಯುತ್ತದೆ. ಎರಡನೆಯದು ತಿಂಗಳುಗಟ್ಟಲೆ ನಡೆಯುತ್ತದೆ, ಬಹುಪಾಲು ಕೈಯಿಂದಲೇ ಹೋಗುತ್ತದೆ. ಗಂಡ ಹೆಂಡತಿ ಆಪತ್ತಿಗೆಂದು ತೆಗೆದಿಡುವ ದುಡ್ಡು ಈ ಎರಡನೆಯ ಖರ್ಚನ್ನು ಲೆಕ್ಕ ಹಾಕಿಯೇ ಇರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹುಬ್ಬಳ್ಳಿಯಿಂದ ಮದುವೆಯಾಗಿ ಬಂದ ಮೇಲೆ ನಾಗಪುರದ ಧರಮಪೇಠವೇ ನನ್ನ ಊರು. ಹೋದ ಮಳೆಗಾಲದಲ್ಲಿ ಟ್ರಾಫಿಕ್ ಪಾರ್ಕಿನ ಹತ್ತಿರ ಸ್ಕೂಟರ್ ಜಾರಿ ನಮ್ಮವರ ತೊಡೆಯ ಎಲುಬು ಮುರಿಯಿತು. ರಾಡ್ ಹಾಕಿದರು. ಧಂತೋಲಿ, ರಾಮದಾಸಪೇಠದ ಕಡೆ ಹೆಜ್ಜೆಗೊಂದು ಆಸ್ಪತ್ರೆ. ಚಿಕಿತ್ಸೆಗೆ ಬೇರೆ ಊರಿಗೆ ಓಡುವ ಪ್ರಸಂಗ ಬರಲಿಲ್ಲ.

ಭರ್ತಿ ಮಾಡುವಾಗ ಕೌಂಟರಿನಲ್ಲಿ ಕೇಳುವ ಮೊದಲ ಮಾತು, ಯಾವ ರೂಮು ಬೇಕು ಎಂದು. ನೋವಿನಲ್ಲಿರುವ ಗಂಡನ ಮುಖ ನೋಡಿದರೆ ಒಳ್ಳೆಯದೇ ಕೊಡಿ ಎನ್ನಬೇಕೆನಿಸುತ್ತದೆ. ಅದಕ್ಕೆ ಮೊದಲು ಪಾಲಿಸಿಯಲ್ಲಿ ರೂಮಿನ ಬಾಡಿಗೆಗೆ ಮಿತಿ ಇದೆಯೇ ನೋಡಬೇಕು. 5 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ. 1 ಎಂದಿದ್ದರೆ 5,000 ರೂಪಾಯಿಯ ರೂಮು. ನೀವು 8,000ದ ರೂಮು ತೆಗೆದುಕೊಂಡರೆ ನಿಮ್ಮ ಪಾಲಿಗೆ ಬರುವುದು ಮೇಲಿನ 3,000 ಮಾತ್ರವಲ್ಲ. ಸರ್ಜನ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಇವೆಲ್ಲಕ್ಕೂ ಎಂಟರಲ್ಲಿ ಐದು ಪಾಲನ್ನಷ್ಟೇ ವಿಮೆ ಕೊಡಬಹುದು. ಆ ಬಾಬತ್ತು 1,60,000 ಆಗಿದ್ದರೆ 60,000 ನಿಮ್ಮ ತಲೆಗೆ. ಆದರೆ ಔಷಧಿ, ತಪಾಸಣೆ ಮತ್ತು ಇಂಪ್ಲಾಂಟಿನ ಬೆಲೆಗೆ ಈ ಕಡಿತ ಹಚ್ಚುವಂತಿಲ್ಲ; ವಿಮಾ ನಿಯಂತ್ರಕ ಐಆರ್‌ಡಿಎಐ 2020ರಲ್ಲೇ ಹಾಗೆ ಹೇಳಿದೆ. ಎಲುಬಿನ ಆಪರೇಷನ್ನಿನಲ್ಲಿ ಇಂಪ್ಲಾಂಟ್ ಸಣ್ಣ ಮೊತ್ತವಲ್ಲ. ಬಿಲ್ಲಿನಲ್ಲಿ ರಾಡಿಗೂ ಕಡಿತ ಕಂಡರೆ ಇದನ್ನು ಎತ್ತಿ ತೋರಿಸಿ ಕೇಳಿ. ಐಆರ್‌ಡಿಎಐಯದೇ 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಅರ್ಜಿಗೆ ಒಂದು ತಾಸಿನೊಳಗೆ, ಡಿಸ್ಚಾರ್ಜಿನ ಕೊನೆಯ ಅನುಮತಿಗೆ ಮೂರು ತಾಸಿನೊಳಗೆ ವಿಮಾ ಕಂಪನಿ ಉತ್ತರ ಕೊಡಬೇಕು. ಅದಕ್ಕೂ ತಡವಾಗಿ ಆಸ್ಪತ್ರೆ ಹೆಚ್ಚಿನ ದರ ಹಾಕಿದರೆ ಆ ಹೊರೆ ಕಂಪನಿಯದು.

ಇನ್ನೊಂದು ಮಾತು, ಓಟಿಪಿಯದು. ಮನೆಯ ಉಳಿತಾಯವೆಲ್ಲ ಒಬ್ಬರ ಹೆಸರಿನಲ್ಲಿದ್ದು, ಓಟಿಪಿ ಅವರ ಫೋನಿಗೇ ಬರುವಂತಿದ್ದು, ಅವರೇ ಅರಿವಳಿಕೆಯಲ್ಲಿದ್ದರೆ ಇನ್ನೊಬ್ಬರ ಕೈ ಕಟ್ಟಿದಂತೆ. ನಮ್ಮದು ಜಂಟಿ ಖಾತೆ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದಾದದ್ದು. ಕಾರಿಡಾರಿನಲ್ಲಿ ನಿಂತೇ ಮುಂಗಡ ಕಟ್ಟಿದೆ. ಆಸ್ಪತ್ರೆಗಳಿಗೆ ಯುಪಿಐ ಮಿತಿಯನ್ನು ರಿಸರ್ವ್ ಬ್ಯಾಂಕ್ 2023ರ ಡಿಸೆಂಬರಿನಲ್ಲಿ ಒಂದು ಸಲಕ್ಕೆ 5 ಲಕ್ಷಕ್ಕೆ ಏರಿಸಿದೆ. ನಿಮ್ಮ ಬ್ಯಾಂಕು ತನ್ನದೇ ಕಡಿಮೆ ಮಿತಿ ಇಟ್ಟಿರಬಹುದು, ಇವತ್ತೇ ನೋಡಿಕೊಳ್ಳಿ.

ಇನ್ನು ಮನೆಯ ಖರ್ಚು. ವಿಮೆಯಲ್ಲಿ ಸಾಮಾನ್ಯವಾಗಿ ಕೊಡದ 68 ಬಾಬತ್ತುಗಳ ಪಟ್ಟಿಯೊಂದಿದೆ. ಅದನ್ನು ಕಾಲು ಮುರಿದವರ ಮನೆಯವರು ಓದಿದರೆ ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ. ನಡೆಯಲು ಹಿಡಿಯುವ ವಾಕರ್, ಮಂಡಿಯ ಬ್ರೇಸ್, ಕ್ರೇಪ್ ಬ್ಯಾಂಡೇಜ್, ಡೈಪರ್, ಮೂತ್ರದ ಜಗ್ಗು, ಬೆನ್ನು ಹುಣ್ಣಾಗದಿರಲು ಹಾಸುವ ಗಾಳಿಯ ಹಾಸಿಗೆ, ಖಾಸಗಿ ನರ್ಸು, ನೋಡಿಕೊಳ್ಳುವ ಆಯಾ, ಎಲ್ಲವೂ ಅದರಲ್ಲಿವೆ. ಅಂದರೆ ಇಂಥ ರೋಗಿಗೆ ಮನೆಯಲ್ಲಿ ಬೇಕಾಗುವುದೇ ಅಲ್ಲಿದೆ. ಕೆಲವು ಕಂಪನಿಗಳು ಹೆಚ್ಚಿನ ಪ್ರೀಮಿಯಂ ಪಡೆದು ಈ ಪಟ್ಟಿಯ ಕೆಲವನ್ನು ಕೊಡುತ್ತವೆ. ಅದೂ ಆಸ್ಪತ್ರೆಯಲ್ಲಿದ್ದಷ್ಟು ದಿನದ ಮಾತು. ಕಮೋಡ್ ಕುರ್ಚಿ, ವಾಕರ್, ಎತ್ತಿ ಇಳಿಸುವ ಮಂಚ ಬಾಡಿಗೆಗೆ ಸಿಗುತ್ತವೆ. ಮಂಚವನ್ನು ಬಾಡಿಗೆಗೆ ತಂದೆ, ವಾಕರ್ ಕೊಂಡೆ. ಮೂರು ತಿಂಗಳ ಬಾಡಿಗೆಯೇ ವಾಕರಿನ ಬೆಲೆ ಮುಟ್ಟುತ್ತಿತ್ತು.

ಆಯಾಳಿಗೆ ಇಲ್ಲಿ ಎಲ್ಲರೂ ಮಾವಶಿ ಎನ್ನುತ್ತಾರೆ. ಹಗಲಿಗೆ ನಾನೇ ಇದ್ದೆ. ರಾತ್ರಿಗೆ ಯಾರೂ ಬೇಡ, ಸುಮ್ಮನೆ ದುಡ್ಡು ದಂಡ ಎಂದು ನಮ್ಮವರು ಪಟ್ಟು ಹಿಡಿದರು. ಒಂದು ವಾರ ಕಳೆದ ಮೇಲೆ ತುಟಿ ಒಣಗಿದ್ದು ಕಂಡು ಕೇಳಿದರೆ, ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ರಾತ್ರಿ ಮೂತ್ರಕ್ಕೆ ನನ್ನನ್ನು ಎಬ್ಬಿಸಬಾರದಂತೆ. ಮಲಗಿದಲ್ಲೇ ಇರುವವರ ರಕ್ತ ಹೆಪ್ಪುಗಟ್ಟಬಾರದೆಂದು ಇಂಜೆಕ್ಷನ್ ಕೊಡುತ್ತಿದ್ದ ದಿನಗಳವು; ದೇಹ ಒಣಗಿದರೆ ಆ ಅಪಾಯ ಹೆಚ್ಚು. “ರೀ, ನೀರು ಉಳಿಸಿ ದುಡ್ಡು ಉಳಿಸೋದು ಬ್ಯಾಡ” ಎಂದೆ. ಅಂದೇ ರಾತ್ರಿಯಿಂದ ಮಾವಶಿ ಬಂದಳು. ಆ ತಿಂಗಳುಗಳಲ್ಲಿ ನಾನು ಮಾಡಿದ ಅತಿ ಸಾರ್ಥಕ ಖರ್ಚು ಅದು. ಅವರು ನೀರು ಕುಡಿದರು, ನಾನು ನಿದ್ದೆ ಮಾಡಿದೆ. ಆಕೆಯ ಮಂಡಿ ನೋವಿನ ಮಾತು ಬಂದಾಗ ಮಹಾತ್ಮಾ ಜೋತಿರಾವ ಫುಲೆ ಜನ ಆರೋಗ್ಯ ಯೋಜನೆಯ ವಿಷಯ ಹೇಳಿದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆ ರಕ್ಷಣೆಯನ್ನು ಮಹಾರಾಷ್ಟ್ರ ಸರಕಾರ 2023ರಲ್ಲಿ ಎಲ್ಲ ಆದಾಯದವರಿಗೂ ವಿಸ್ತರಿಸಿತು. ಇಲ್ಲಿಯ ರೇಷನ್ ಕಾರ್ಡು ಅಥವಾ ವಾಸದ ದಾಖಲೆ ಇರುವ ಕನ್ನಡದ ಮನೆಗಳೂ ವಿಚಾರಿಸಬೇಕು.

ಫಿಜಿಯೋಥೆರಪಿಯ ಹಣ ಬಹಳ ಮಂದಿ ವಾಪಸು ಕೇಳುವುದೇ ಇಲ್ಲ. ಡಿಸ್ಚಾರ್ಜಿನ ನಂತರ 60 ಅಥವಾ 90 ದಿನದ ಖರ್ಚನ್ನು ಹೆಚ್ಚಿನ ಪಾಲಿಸಿಗಳು ಕೊಡುತ್ತವೆ. ಆಪರೇಷನ್ ಮಾಡಿದ ಡಾಕ್ಟರು ಫಿಜಿಯೋ ಬೇಕೆಂದು ಚೀಟಿಯಲ್ಲಿ ಬರೆದಿರಬೇಕು, ಮನೆಗೆ ಬರುವವರು ತಾರೀಕು, ಸಹಿ, ನೋಂದಣಿ ಸಂಖ್ಯೆಯ ರಸೀದಿ ಕೊಡಬೇಕು. ಎಕ್ಸ್‌ರೇ, ಇಂಜೆಕ್ಷನ್, ಮರುಭೇಟಿಯ ಫೀ ಎಲ್ಲ ಅದರೊಟ್ಟಿಗೇ ಹೋಗುತ್ತವೆ. ಗೋಕುಳಪೇಠದ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕಸುಬು. ಒಂದು ಫೈಲಿಗೆ ತಾರೀಕಿನ ಪ್ರಕಾರ ಚೀಟಿ ಹಚ್ಚುತ್ತ ಹೋದೆ.

ಆದರೆ ಆ ಕಸುಬಿನ ಅರ್ಧ ಆದಾಯ ಆಗ ನಿಂತಿತು. ಆರೈಕೆ ಮಾಡುವವರ ದುಡಿಮೆ ನಿಂತದ್ದಕ್ಕೆ ಯಾವ ಬಿಲ್ಲೂ ಇಲ್ಲ, ಅದಕ್ಕೇ ಅದನ್ನು ಯಾರೂ ಎಣಿಸುವುದಿಲ್ಲ. ಹೆಂಡತಿ ಮನೆಯಲ್ಲೇ ಇದ್ದಾಳಲ್ಲ ಎಂದುಬಿಡುತ್ತಾರೆ. ನಾನು ಎಣಿಸಿದೆ. ಅವರ ಸಂಬಳವಿಲ್ಲದ ರಜೆ, ನನ್ನ ನಿಂತ ಕೆಲಸ ಎರಡನ್ನೂ ಕೂಡಿಸಿದಾಗ ಆ ಮೊತ್ತ ನಾವು ಆಸ್ಪತ್ರೆಗೆ ಕೈಯಿಂದ ಕಟ್ಟಿದ್ದಕ್ಕಿಂತ ದೊಡ್ಡದಾಗಿತ್ತು.

ಸ್ಕೂಟರಿನ ವಿಮೆಯಲ್ಲಿ 15 ಲಕ್ಷದ ಅಪಘಾತ ರಕ್ಷಣೆ ಇದೆಯಲ್ಲ ಎಂದು ನೆಂಟರು ನೆನಪಿಸಿದರು. ಮಾಲೀಕ ಚಾಲಕರಿಗೆ ಕಡ್ಡಾಯವಾದ ಆ ರಕ್ಷಣೆ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಕೂಡಿಕೊಳ್ಳುವ ಎಲುಬಿಗೆ ಅದರಲ್ಲಿ ಏನೂ ಇಲ್ಲ. ಬೇಕಾದದ್ದು ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ, ಅದರಲ್ಲೂ ತಾತ್ಕಾಲಿಕ ಪೂರ್ಣ ಅಸಾಮರ್ಥ್ಯದ ಭಾಗ ಸೇರಿರುವುದು. ದುಡಿಯಲಾಗದ ಪ್ರತಿ ವಾರಕ್ಕೆ ಇಂತಿಷ್ಟು, ಸಾಮಾನ್ಯವಾಗಿ ವಿಮಾ ಮೊತ್ತದ ಶೇ. 1, ಒಂದು ಗರಿಷ್ಠ ಮಿತಿಯೊಳಗೆ ಅದು ಕೊಡುತ್ತದೆ. ಆರೋಗ್ಯ ವಿಮೆಗಿಂತ ಇದರ ಪ್ರೀಮಿಯಂ ಬಹಳ ಕಡಿಮೆ. ಅವರು ಕೆಲಸಕ್ಕೆ ಮರಳಿದ ತಿಂಗಳೇ ಇಬ್ಬರ ಹೆಸರಿನಲ್ಲೂ ತೆಗೆದುಕೊಂಡೆವು, ದುಡಿಯುವವಳು ನಾನೂ ಇದ್ದೇನಲ್ಲ.

ರಾಡ್ ಮುಂದೆ ತೆಗೆಸಬೇಕೇ, ಹಾಗೇ ಬಿಡಬೇಕೇ ಎಂಬುದನ್ನು ಡಾಕ್ಟರು ಇನ್ನೂ ತೀರ್ಮಾನಿಸಿಲ್ಲ. ತೆಗೆಸುವುದಾದರೆ ಮತ್ತೆ ಕೆಲವು ವಾರ ಮನೆಯಲ್ಲಿರಬೇಕು. ಅದಕ್ಕೆಂದೇ ಧರಮಪೇಠದ ನಮ್ಮ ಬ್ಯಾಂಕಿನಲ್ಲಿ ಒಂದು ಆರ್‌ಡಿ ಶುರು ಮಾಡಿದ್ದೇವೆ. ಮೊತ್ತ ಗೊತ್ತುಮಾಡುವಾಗ ರಾತ್ರಿಯ ಮಾವಶಿಯ ಸಂಬಳವನ್ನು ಮೊದಲು ಬರೆಸಿದವರು ನಮ್ಮವರೇ.