ತಂದವರು ಯಾರು ಅಂತ ಕೇಳು

ತಮ್ಮಾ, ರಾಜಸ್ಥಾನದ ಮರಳುಗಾಡಿಗೆ ಹೋಗಿ ಕೆರೆ ಮಣ್ಣು ಪರೀಕ್ಷೆ ಮಾಡ್ತೀಯಂತೆ, ನಿಮ್ಮಪ್ಪ ಹೇಳಿದ. ಸಂತೋಷ. ನಂದಿಗುಡಿ ಬಿಡೋ ಮುಂಚೆ ಈ ಮುದುಕನ ಒಂದು ಮಾತು ಕಿವಿಗೆ ಹಾಕಿಕೊ. ಮಣ್ಣಲ್ಲಿ ಏನು ಸಿಕ್ಕಿತು ಅನ್ನೋದಕ್ಕಿಂತ ಮೊದಲು, ಅದು ಅಲ್ಲಿಗೆ ಹೇಗೆ ಬಂತು ಅಂತ ಕೇಳು.

ಇದನ್ನ ನಾನು ಕಲಿತದ್ದು ಮಾನ ಕಳಕೊಂಡು. ಹಿತ್ತಲಲ್ಲಿ ಗುಂಡಿ ತೋಡಿಸುವಾಗ ಮೊಣಕಾಲುದ್ದ ಆಳದಲ್ಲಿ ಬೂದಿಯ ಪದರ ಬಂತು. ಸಾವಿರಾರು ವರ್ಷದ ಊರು ಸಿಕ್ಕಿತು ಅಂತ ಓಣಿಗೆಲ್ಲ ಸಾರಿದೆ. ಮರುದಿನ ಅದೇ ಬೂದಿಯಲ್ಲಿ ಪ್ಲಾಸ್ಟಿಕ್ ಬಳೆಯ ಚೂರು! ಅದು ನಮ್ಮವ್ವ ಒಲೆ ಬೂದಿ ಸುರೀತಿದ್ದ ತಿಪ್ಪೆ.

ಹಾಗಂತ ತಿಪ್ಪೆ ಕೀಳಲ್ಲ. ಹೊಳೆಯ ಆಚೆ ದಂಡೆಯ ಹಳ್ಳೂರಿನಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ನವಶಿಲಾಯುಗದ ನೆಲೆ ಅಗೆದರು. ಆಮೇಲೆ ಬಂದವರು ಅಲ್ಲಿನ ಮಣ್ಣನ್ನ ನೀರಿಗೆ ಹಾಕಿ ಕದಡಿದರು. ಅಕ್ಕಿ ತೊಳೆಯುವಾಗ ಜೊಳ್ಳು ತೇಲೋ ಹಾಗೆ ಸೀದು ಕರಕಲಾದ ಕಾಳು ಮೇಲೆ ಬಂದವು, ಅದರಲ್ಲಿ ನಮ್ಮ ಹುರುಳಿಯೂ ಇತ್ತು. ಆದರೆ ಆ ಕಾಳು ಹೇಳೋದು ಒಲೆಯ ಸುದ್ದಿ, ಸುತ್ತಲಿನ ಕಾಡಿನದಲ್ಲ.

ಸಾಕ್ಷಿಗಳೆಲ್ಲ ಹೀಗೇ. ಅಮೆರಿಕದ ಮರಳುಗಾಡಿನಲ್ಲಿ ಪ್ಯಾಕ್‌ರ್ಯಾಟ್ ಅನ್ನೋ ಇಲಿ ಕಡ್ಡಿ, ಎಲೆ, ಬೀಜ ಒಟ್ಟಿ ಗೂಡು ಕಟ್ಟುತ್ತೆ. ಅದರ ಉಚ್ಚೆ ಒಣಗಿ, ಪಾಕ ಗಟ್ಟಿಯಾದ ಹಾಗೆ ಎಲ್ಲವನ್ನೂ ಹಿಡಿದಿಟ್ಟು ಸಾವಿರಾರು ವರ್ಷ ಕಾಯುತ್ತೆ. ಈಗ ಬರಡಾದ ನೆವಾಡಾದ ಗುಡ್ಡಗಳಲ್ಲಿ ಹಿಂದೆ ಜೂನಿಪರ್ ಮರ ಇದ್ದವು ಅಂತ 1964ರಲ್ಲಿ ಗೊತ್ತಾದದ್ದು ಇಂಥ ಗೂಡಿನಿಂದಲೇ. ಇಲಿ ದೂರ ಹೋಗಲ್ಲ, ತಂದದ್ದು ಸುತ್ತಮುತ್ತಲಿನದೇ. ಪರಾಗ ಹಾಗಲ್ಲ, ಗಾಳಿ ಹತ್ತಿ ನೂರಾರು ಕಿಲೋಮೀಟರ್ ಬರುತ್ತೆ.

ಒಂದೇ ಸಾಕ್ಷಿ ನಂಬಬಾರದು ಅನ್ನೋದಕ್ಕೆ ನೀನು ಹೋಗೋ ಥಾರ್‌ನಲ್ಲೇ ಪಾಠ ಇದೆ. 1970ರ ಆಸುಪಾಸಿನಲ್ಲಿ ಗುರುದೀಪ್ ಸಿಂಗ್ ಅಲ್ಲಿನ ಉಪ್ಪು ಕೆರೆಗಳ ಕೆಸರಿನ ಪರಾಗ ಎಣಿಸಿ, ಮಳೆ ಹೆಚ್ಚಿದ್ದಾಗ ಹರಪ್ಪದವರು ಬೆಳೆದರು, ಕಡಿಮೆಯಾದಾಗ ಅಳಿದರು ಅಂದರು. 1999ರಲ್ಲಿ ಇನ್ನೊಂದು ತಂಡ ಲೂಣ್‌ಕರಣ್‌ಸರ್ ಕೆರೆಯ ಪದರಗಳ ಖನಿಜ, ರಾಸಾಯನಿಕ ಎಲ್ಲ ಕೂಡಿಸಿ ನೋಡಿತು. ಕೆರೆ ಬತ್ತಿದ್ದು ಸುಮಾರು 5,500 ವರ್ಷದ ಹಿಂದೆ, ದೊಡ್ಡ ಹರಪ್ಪ ನಗರಗಳು ಏಳುವುದಕ್ಕೂ ಎಷ್ಟೋ ಮೊದಲು! ಮೊದಲಿನವರು ದಡ್ಡರಲ್ಲ. ಪಂಚಾಯ್ತಿಯಲ್ಲಿ ಎರಡನೇ ಸಾಕ್ಷಿ ತಡವಾಗಿ ಬಂತು, ಅಷ್ಟೆ.

ನಮ್ಮ ಗದ್ದೆಯನ್ನೇ ನೋಡು. ಎಷ್ಟೋ ಸಾವಿರ ವರ್ಷ ಕಳೆದು ಯಾರೋ ಇಲ್ಲಿ ಅಗೆದು, ಭತ್ತದ ಗುರುತು ಕಂಡು, ಇಲ್ಲಿ ಜೋರು ಮಳೆ ಹೊಡೀತಿತ್ತು ಅಂತ ಬರೆದರೆ? ಮಳೆ ಬಿದ್ದದ್ದು ಮಲೆನಾಡಲ್ಲಿ, ಭತ್ತ ಬೆಳೆದದ್ದು ಇಲ್ಲಿ. ನಡುವೆ ಭದ್ರಾ ನಾಲೆ ಇತ್ತು ಅಂತ ಆ ಗುರುತು ಹೇಳೀತಾ?

ಮಣ್ಣಿನ ಚೀಲದ ಮೇಲೆ ಎಷ್ಟು ಆಳದ್ದು ಅಂತ ಬರೀತೀಯಲ್ಲ, ಅದರ ಕೆಳಗೆ ಒಂದು ಸಾಲು ಖಾಲಿ ಬಿಡು: ತಂದವರು ಯಾರು? ಗಾಳಿಯೋ, ಇಲಿಯೋ, ನಾಲೆಯೋ.